ತೊಟ್ಟಿಲ ಅಧ್ಯಾಯದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪುಸ್ತಕ. ಈಗ ನೋಡಿ, ಮಂಚದ ಕೆಳಗೂ ಪುಸ್ತಕ, ತಲೆದಿಂಬಿನ ಪಕ್ಕವೂ ಪುಸ್ತಕ. ಈ ಬೇಸಿಗೆಯಲ್ಲಿ ಒಂದು ಕಾದಂಬರಿ ಓದಿದೆ. ಅದರಲ್ಲಿ ಹೆರಿಗೆಯ ಹೆಂಗಸು ಇನ್ನೇನು ಹೋದಳು ಅನ್ನುವಾಗ ಗಂಡ ಡಾಕ್ಟರನ್ನು ಕರೆದುಕೊಂಡು ಬಂದೇಬಿಡುತ್ತಾನೆ. ಸರಿಯಾದ ಹೊತ್ತಿಗೆ! ಸಿಟ್ಟು ನೆತ್ತಿಗೇರಿ ಪುಸ್ತಕವನ್ನು ಮೂಲೆಗೆ ಒಗೆದೆ. ಆಮೇಲೆ ಓದಿದ್ದು ಹಳ್ಳಿಗಳಲ್ಲಿ ದುಡಿದ ನರ್ಸಮ್ಮ ಒಬ್ಬಳ ಆತ್ಮಕಥೆ. ಅಂದಚೆಂದದ ಮಾತಿಲ್ಲ. ಎಷ್ಟೋ ಹೆಂಗಸರು ಸತ್ತದ್ದು ಔಷಧವಿಲ್ಲದೆ ಅಲ್ಲ, ಮನೆಯವರು ಹೊರಡಲು ತಡ ಮಾಡಿದ್ದರಿಂದ ಎಂದು ಬರೆದಿದ್ದಾಳೆ. ಅಲ್ಲಿಂದ ಮುಂದೆ ನನಗೆ ಓದಲಾಗಲಿಲ್ಲ. "ಅಜ್ಜ ಯಾಕ ಅಳಾಕತ್ತಾನ?" ಎಂದು ಕೇಳಿದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಸಂತೆಕಲ್ಲೂರಿನ ಆಚೆ ಜೋಳದ ಹೊಲಗಳ ನಡುವೆ ನಮ್ಮ ಪುಟ್ಟ ಹಳ್ಳಿ. ಮನೆಯಲ್ಲಿದ್ದ ಆ ಒಂದೇ ಪುಸ್ತಕ ಶರಣರ ಪುರಾಣ. ಕೆಂಪು ಬಟ್ಟೆ ಬಿಚ್ಚಿದರೆ ವಿಭೂತಿ, ಕರ್ಪೂರದ ವಾಸನೆ. ಶ್ರಾವಣದಲ್ಲಿ ಅಪ್ಪ ಅದನ್ನು ಊರ ಗುಡಿಯಲ್ಲಿ ಓದುತ್ತಿದ್ದ. ಶರಣರು ಹುಟ್ಟುವ ಅಧ್ಯಾಯ ಬಂದ ದಿನ ಅಲ್ಲಿ ತೊಟ್ಟಿಲು ಕಟ್ಟಿ, ಹೆಂಗಸರು ಸಕ್ಕರೆ, ಕೊಬ್ಬರಿ ಹಂಚಿ ಜೋಗುಳ ಹಾಡುತ್ತಿದ್ದರು. ಆ ಅಧ್ಯಾಯವನ್ನು ನಡುವೆ ನಿಲ್ಲಿಸಿದರೆ ಬಸುರಿ ಬಾಣಂತಿಯರಿಗೆ ಕೇಡು ಎಂದು ಊರಿಗೆ ಊರೇ ನಂಬಿತ್ತು. ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ಸಲುವಾಗಿಯೇ ಅಪ್ಪ ಉಪವಾಸವಿದ್ದು ಓದುತ್ತಿದ್ದ.

ತೊಟ್ಟಿಲ ಅಧ್ಯಾಯದ ದಿನವೇ ಅಕ್ಕನಿಗೆ ನೋವು ಶುರುವಾಯಿತು. ಮಧ್ಯಾಹ್ನ ಅಪ್ಪ ಗುಡಿಗೆ ಹೋದ ಮೇಲೆ ಗಂಡು ಕೂಸು ಹುಟ್ಟಿತು. ನಾನು ಅಂಗಳದ ತುಂಬ ಕುಣಿದಾಡಿಬಿಟ್ಟೆ. ಆದರೆ ಸೂಲಗಿತ್ತಿ ಹೊರಗೆ ಬಂದು, "ರಕ್ತ ನಿಂದ್ರವಲ್ದವ್ವ, ಲಗೂನ ಮಸ್ಕಿ ದವಾಖಾನಿಗೆ ಒಯ್ಯಿರಿ" ಅಂದಳು. ಗಂಡಸರೆಲ್ಲ ಗುಡಿಯಲ್ಲಿ. ಆ ಪುಟ್ಟ ಊರಿಗೆ ಬಂಡಿ ನಮ್ಮದೊಂದೇ. ನಮ್ಮ ಎತ್ತುಗಳೋ ಮಹಾ ಪುಂಡರು, ಅಪ್ಪನಿಗಲ್ಲದೆ ಬೇರೆಯವರಿಗೆ ಹೆಗಲು ಕೊಡುತ್ತಿರಲಿಲ್ಲ. ಅವ್ವ ನನ್ನ ಕೈ ಹಿಡಿದು ಗುಡಿಗೆ ಓಡಿದಳು.

"ಏಳ್ರೀ! ಬಂಡಿ ಹೂಡ್ರೀ! ಮಗಳು ಕೈಬಿಟ್ಟು ಹೊಂಟಾಳ!"

ಅಪ್ಪನ ಮುಖ ಬಿಳಿಚಿಕೊಂಡಿತು. ಓದುತ್ತಿದ್ದ ಸಾಲಿನಿಂದ ಬೆರಳು ತೆಗೆದ. ಅವನು ಅರ್ಧ ಎದ್ದಿದ್ದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನ ತೋಳು ಹಿಡಿದರು.

"ಈಗ ಬಿಟ್ಟು ಎದ್ದಿ ಅಂದ್ರ ತಾಯಿ ಕೂಸು ಇಬ್ಬರಿಗೂ ಕೇಡು ನೋಡಪಾ. ಇನ್ನೇನು ಮುಗಿತೈತಿ, ಕುಂದ್ರು."

ಅಪ್ಪ ಕುಳಿತ. ಮಗಳನ್ನು ಉಳಿಸಬೇಕೆಂದೇ ಕುಳಿತ. ಕಣ್ಣೀರು ಸುರಿಸುತ್ತಾ, ಒಂದು ಸಾಲೂ ಬಿಡದೆ ಬಡಬಡ ಓದಿದ. ಹೆಂಗಸರು ತೊಟ್ಟಿಲು ತೂಗಿದರು. ಅವ್ವ ಎದೆ ಬಡಿದುಕೊಂಡಳು. ಆಗ ಜೋಗುಳ ಹಾಡುತ್ತಿದ್ದವರ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತು ಅಂತೀರಿ!

ಮಂಗಳಾರತಿಗೂ ನಿಲ್ಲದೆ ಅಪ್ಪ ಓಡಿ ಬಂದು ಬಂಡಿ ಹೂಡಿದ. ಅಕ್ಕನ ತಲೆ ಅವ್ವನ ತೊಡೆಯ ಮೇಲಿತ್ತು. ಅಕ್ಕ ನನ್ನ ಕೈ ಹಿಡಿದಿದ್ದಳು, ಅಂಗೈ ತಣ್ಣಗಿತ್ತು. "ತಮ್ಮಾ, ಕೂಸಿನ ಮಾರಿಗೆ ಬಿಸಲು ಬೀಳಾಕತ್ತೈತಿ, ಬಟ್ಟಿ ಹಿಡಿ" ಅಂದಳು. ನಾನು ಹಿಡಿದೆ. ಮಸ್ಕಿಯ ಗುಡ್ಡ ಕಾಣುವಷ್ಟರಲ್ಲಿ ಅವಳ ಕೈ ಸಡಿಲವಾಯಿತು.

"ಅಧ್ಯಾಯ ಮುರೀಲಿಲ್ಲ, ಅದಕ್ಕ ಕೂಸರ ಉಳೀತು" ಎಂದು ಊರವರು ಸಮಾಧಾನ ಹೇಳಿದರು. ನೀವು ಸಿಂಧನೂರು ಮಾವ ಅನ್ನುತ್ತೀರಲ್ಲ, ಅವನೇ ಆ ಕೂಸು. ಅವ್ವ ಮಾತ್ರ ಒಮ್ಮೆ, "ಎದ್ದಿದ್ರ ಇಬ್ಬರೂ ಉಳೀತಿದ್ರು" ಅಂದಳು. ಅಪ್ಪ ಪುರಾಣವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ. ಮತ್ತೆಂದೂ ಪುಸ್ತಕ ಮುಟ್ಟಲಿಲ್ಲ. ನಾನು ಮಾತ್ರ ಕೈಗೆ ಸಿಕ್ಕಿದ್ದೆಲ್ಲ ಓದುತ್ತ ಬೆಳೆದೆ. ಅಪ್ಪನ ಮೇಲಿನ ಸಿಟ್ಟು ಬಹಳ ವರ್ಷ ಇತ್ತು. ಈಗ ಅವನನ್ನು ನೆನೆದರೆ ಬರೀ ಸಂಕಟವಾಗುತ್ತದೆ.

ನಿಮ್ಮ ಕಾಲ ಬೇರೆ, ಮಕ್ಕಳೇ. ಫೋನ್ ಮಾಡಿದರೆ ಮಸ್ಕಿಯಿಂದ ಆಂಬುಲೆನ್ಸ್ ಬರುತ್ತದೆ. ನಿಮಗೆ ಕಪಾಟಿನ ತುಂಬ ಪುಸ್ತಕ. ಒಂದನ್ನಾದರೂ ಪೂರ್ತಿ ಓದುವುದಿಲ್ಲ, ಅರ್ಧಕ್ಕೇ ಮಗುಚಿ ಹಾಕಿ ಓಡುತ್ತೀರಿ ಎಂದು ನಿಮ್ಮ ಅಮ್ಮ ಬೈಯುತ್ತಾಳೆ. ಬೈದರೆ ಬೈಯಲಿ ಬಿಡಿ. ಯಾರಾದರೂ ಕರೆದರೆ ಎದ್ದು ಓಡಿ. ಪುಸ್ತಕ ಎಲ್ಲಿಗೂ ಹೋಗುವುದಿಲ್ಲ. ನನ್ನ ಅಕ್ಕ ಹೋದಳು.