ಅಣ್ಣನಿಗೆ ತಿಳಿಸದ ಫೋನು

ಅಣ್ಣನ ರಕ್ತದಲ್ಲಿ ಏನೋ ತೊಂದರೆ ಇದೆಯೆಂದು ನನಗೆ ಮೊದಲೇ ಗೊತ್ತಿತ್ತು. ನಾನು ಅವನಿಗೆ ಹೇಳಲಿಲ್ಲ.

ಅವನು ಕುರುಬರಹಳ್ಳಿಯಲ್ಲಿ ಆಟೋ ಓಡಿಸುತ್ತಿದ್ದ. ಐದಾರು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಆಟೋ ಸ್ಟ್ಯಾಂಡಿನವರು ಬಾವುಟ ಕಟ್ಟಿ, ರಕ್ತದಾನವನ್ನೂ ಇಟ್ಟುಕೊಂಡಿದ್ದರು. ಗಾಡಿ ಓಡಿಸುವಾಗ ಫೋನ್ ಎತ್ತಲು ಆಗುವುದಿಲ್ಲವೆಂದು ರಕ್ತ ಕೊಟ್ಟ ಅಣ್ಣ ಅಲ್ಲಿ ನನ್ನ ನಂಬರು ಬರೆಸಿದ್ದ. ಕೆಲವು ದಿನಗಳ ನಂತರ ರಕ್ತನಿಧಿಯಿಂದ ಒಬ್ಬ ಹೆಂಗಸು ಮಾತಾಡಿದರು.

"ನಿಮ್ಮಣ್ಣನ್ನ ಒಂದ್ಸಲ ಕಳ್ಸಮ್ಮ. ಇನ್ನೊಂದು ಟೆಸ್ಟ್ ಮಾಡ್ಬೇಕು." ನಾನು ಬಿಡದೆ ಕೇಳಿದ್ದಕ್ಕೆ, "ಲಿವರ್‌ದು ಇರ್ಬಹುದು, ತಡ ಮಾಡ್ಬೇಡ" ಎಂದರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಆ ಮಾತು ಅರ್ಥವಾಗದಷ್ಟು ದಡ್ಡಿಯಲ್ಲ.

ಆ ಭಾನುವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಒಂದೆರಡು ಸಂಬಂಧ ತಪ್ಪಿಹೋಗಿದ್ದವು. ಮನೆಯಲ್ಲಿ ರಕ್ತದ ಕಾಯಿಲೆ ಇದೆಯೆಂದು ತಿಳಿದರೆ ಇದೂ ಹೋಗುತ್ತದೆ ಎಂದುಕೊಂಡೆ. ನಿಶ್ಚಯವಾದ ಮೇಲೆ ಹೇಳೋಣ, ಮದುವೆಯಾದ ಮೇಲೆ ಹೇಳೋಣ ಎಂದು ಮುಂದೂಡಿದೆ. ಮದುವೆಯೂ ಆಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಭಯ ಹಿಡಿಯಿತು.

ಹೋದ ವರ್ಷ ಅವನ ಕಣ್ಣು ಹಳದಿಯಾಯಿತು. ಆಗಲಾದರೂ ಬಾಯಿ ಬಿಡಬೇಕಿತ್ತು. "ಕಾಮಾಲೆ ಇರ್ಬೇಕು" ಎಂದು ನಾನೇ ಅವನನ್ನು ಕೆಂಗೇರಿಯ ಆಚೆ ಸೊಪ್ಪಿನ ಔಷಧಿ ಕೊಡುವವರ ಬಳಿ ಕರೆದೊಯ್ದೆ. ಖಾಲಿ ಹೊಟ್ಟೆಗೆ ಅರೆದ ಸೊಪ್ಪು, ಆಮೇಲೆ ಉಪ್ಪಿಲ್ಲದ ಮಜ್ಜಿಗೆ ಅನ್ನ. ಅಣ್ಣ ಮುಖ ಕಿವುಚಿ, "ಹಿಂಗೇ ಸೊಪ್ಪು ತಿನ್ಸಿದ್ರೆ ನಾಳೆಯಿಂದ ಹಾಲು ಕೊಡ್ತೀನಿ ಕಣೇ" ಎಂದ. ನಾನೂ ನಕ್ಕೆ. ಹಳದಿ ಇಳಿದಾಗ ಪಥ್ಯದಿಂದಲೇ ವಾಸಿಯಾಯಿತೆಂದು ನನ್ನನ್ನೇ ನಂಬಿಸಿಕೊಂಡೆ.

ಈ ವರ್ಷ ಅವನ ಹೊಟ್ಟೆ ಊದಿತು, ಕಾಲಲ್ಲಿ ನೀರು ತುಂಬಿತು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಹೆಪಟೈಟಿಸ್ ಸಿ, ಬಹಳ ವರ್ಷದಿಂದ ಇದೆ ಎಂದರು. ಮಾತ್ರೆಯಿಂದ ವೈರಸ್ ಹೋಗುತ್ತದಂತೆ. ಗಟ್ಟಿಯಾದ ಲಿವರ್ ಮೊದಲಿನಂತಾಗುವುದು ಕಷ್ಟವಂತೆ.

"ಮುಂಚೆ ಯಾರೂ ಟೆಸ್ಟ್ ಮಾಡ್ಸಿ ಅಂತ ಹೇಳಿರ್ಲಿಲ್ವಾ?" ಡಾಕ್ಟರ್ ಕೇಳಿದರು.

"ಇಲ್ಲ ಸಾರ್. ಹೇಳಿದ್ರೆ ಬರ್ತಿರ್ಲಿಲ್ವಾ?" ಎಂದ ಅಣ್ಣ. ನಾನು ಪಕ್ಕದಲ್ಲೇ ನಿಂತಿದ್ದೆ.

ಅವನ ಮನೆಗೆ ಬಂದು ಮೊದಲ ಮಾತ್ರೆಯನ್ನು ಅವನ ಅಂಗೈಗೆ ಹಾಕಿದೆ. ನೀರಿನ ಲೋಟ ಕೊಡದೆ ನಾನೇ ಹಿಡಿದು ನಿಂತೆ.

"ಮಾತ್ರೆ ನುಂಗೋನು ನಾನು, ನೀರು ನೀನ್ಯಾಕೆ ಹಿಡ್ಕೊಂಡಿದ್ದೀಯಾ?" ಎಂದ.

"ಅಣ್ಣ, ಅವತ್ತು ರಾಜ್ಯೋತ್ಸವಕ್ಕೆ ರಕ್ತ ಕೊಟ್ಟಿದ್ಯಲ್ಲ, ಅವ್ರು ಫೋನ್ ಮಾಡಿದ್ರು. ನಿನ್ನ ಕಳ್ಸು ಅಂದಿದ್ರು. ನನ್ ಮದ್ವೆ ನಿಂತೋಗುತ್ತೆ ಅಂತ ಮುಚ್ಚಿಟ್ಟೆ. ತಪ್ಪು ಮಾಡ್ದೆ ಕಣಣ್ಣ. ನನ್ನ ಕ್ಷಮ್ಸು."