ಕಂಡಿತಪ್ಪನ ನಾಳೆಯ ವಾಕ್ಯ

ಅವನ ನಿಜವಾದ ಹೆಸರು ಸಂಬಳ ಬಟವಾಡೆ ಮಾಡುವ ಗುಮಾಸ್ತನಿಗೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವನು ಕಂಡಿತಪ್ಪ. ಜೆಟ್ಟಿಯ ಮೇಲಿನ ಮರದ ಅಟ್ಟದಲ್ಲಿ, ಹೊಳೆಯ ಕಡೆಗಿರುವ ಒಂದೇ ಒಂದು ಕಿಟಕಿಯ ಎದುರು ಕೂತು, ಆಚೆ ದಡದಿಂದ ಬರುವ ಲಾಂಚು ಕಣ್ಣಿಗೆ ಬಿದ್ದ ಕೂಡಲೇ ಮೈಕಿನಲ್ಲಿ "ಕಂಡಿತಪ್ಪಾ, ಕಂಡಿತು!" ಎಂದು ಕೂಗುವುದು ಅವನ ಕೆಲಸ. ಆ ಮಾತು ಕೇಳಿದ ಮೇಲೇ ಕೆಳಗಿನ ಜನ ಗಂಟುಮೂಟೆ ಎತ್ತುತ್ತಿದ್ದರು, ಗೇಟಿನವನು ಗೇಟು ತೆಗೆಯುತ್ತಿದ್ದ.

ಕಾಣದೆ ಮಾತ್ರ ಅವನು ಹೇಳಿದವನಲ್ಲ. ಲಾಂಚಿನ ಹಾರನ್ನು ಕೇಳಿಸಲಿ, ಆಚೆ ದಡದವರು ಫೋನು ಮಾಡಿ "ಬಿಟ್ಟಾಯ್ತು ಕಣಯ್ಯಾ" ಎಂದು ಆಣೆ ಹಾಕಲಿ, ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಜನ ಕೆಳಗಿನಿಂದ ಬೈಯುತ್ತಿದ್ದರು. ಬೈಯಲಿ, ಬಾಯಿ ಅವರದು, ಕಣ್ಣು ನನ್ನದು ಎಂದು ಅವನು ಕಿಟಕಿಯಿಂದ ಮುಖ ತಿರುಗಿಸುತ್ತಿರಲಿಲ್ಲ.

ಇದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಂಜು ಮುಸುಕಿದ ಒಂದು ಬೆಳಿಗ್ಗೆ, ಹಾರನ್ನು ಕೇಳಿದ್ದೇ ತಡ ಕಂಡಿತು ಎಂದುಬಿಟ್ಟಿದ್ದ. ಬಂದದ್ದು ಲಾಂಚಲ್ಲ, ಮರಳು ಸಾಗಿಸುವ ದೋಣಿ. ಆದರೆ ಮೈಕಿನಲ್ಲಿ ಹೇಳಿದ ಮೇಲೆ ಯಾರು ನೋಡುತ್ತಾರೆ? ಗೇಟು ತೆರೆಯಿತು, ಜನ ನುಗ್ಗಿದರು, ಮರಳ ರಾಶಿಯ ಮೇಲೆ ಕರ್ಚೀಫು ಹಾಸಿ ಜಾಗ ಹಿಡಿದರು. ದೋಣಿಯವನು ದಾಕ್ಷಿಣ್ಯದ ಮನುಷ್ಯ. ಇಳಿಯಿರಿ ಎನ್ನಲಾರದೆ ಎಲ್ಲರನ್ನೂ ಹೊಳೆಯ ಕೆಳಗಡೆಗೆ ಒಯ್ದು ಮರಳಿನ ಜೊತೆಗೇ ಇಳಿಸಿ ಬಂದ. ಅವರಲ್ಲೊಬ್ಬ ಹೆಂಗಸು ಮರುದಿನ ಮೈಮೇಲಿನ ಮರಳು ಕೊಡವುತ್ತಾ ಅಟ್ಟ ಹತ್ತಿ ಬಂದು ಅವನ ಜನ್ಮ ಜಾಲಾಡಿದಳು. ಜೊತೆಗೆ ಮಗಳೂ ಬಂದಿದ್ದಳು, ಅಮ್ಮ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಬೈಗುಳ ನಿಲ್ಲಬಾರದಲ್ಲ. ಆ ಮಗಳೇ ಈಗ ಅವನ ಹೆಂಡತಿ.

ಹೆಂಡತಿ ಆಚೆ ದಡದ ಆಸ್ಪತ್ರೆಯಲ್ಲಿ ಹಾಸಿಗೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು. ಬೆಳಿಗ್ಗೆ ಹೋದರೆ ಸಂಜೆಯ ಲಾಂಚಿಗೆ ವಾಪಸ್ಸು. ಮನೆಯಲ್ಲಿ ಇಬ್ಬರದೂ ಎಣ್ಣೆ ಸೀಗೇಕಾಯಿ. ಬಕೆಟ್ಟು ಎಲ್ಲಿರಬೇಕು, ಯಾರು ಗೊರಕೆ ಹೊಡೆದದ್ದು ಎಂಬುದರಿಂದ ಹಿಡಿದು ಬಾಗಿಲು ಕಿರುಗುಟ್ಟುವುದು ಯಾರ ತಪ್ಪು ಎಂಬುದರವರೆಗೆ ಜಗಳ. ಆದರೆ ಸಂಜೆ, ಹೊಳೆಯ ತಿರುವಿನಲ್ಲಿ ಲಾಂಚು ಮೂಡಿದಾಗ, ಅವಳು ಅದರ ಮುಂಭಾಗದಲ್ಲಿ ನಿಂತು ಕೆಂಪು ಕೊಡೆ ಬಿಚ್ಚಿ ಎತ್ತುತ್ತಿದ್ದಳು. ಅವನು ಕಿಟಕಿಯಿಂದ ಟವೆಲ್ಲು ಬೀಸುತ್ತಿದ್ದ. ಅಷ್ಟು ದೂರದಲ್ಲಿ ಅವರಷ್ಟು ಅನ್ಯೋನ್ಯವಾದ ಗಂಡಹೆಂಡತಿ ಎರಡೂ ದಡದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಲಾಂಚು ದಡ ಮುಟ್ಟಿ, ಅವಳು ಮೆಟ್ಟಿಲು ಹತ್ತಿ ಬಂದು, "ಆ ಟವೆಲ್ಲು ಒಗೆದು ಎಷ್ಟು ದಿನ ಆಯ್ತು?" ಎನ್ನುವವರೆಗೂ ಆ ಪ್ರೀತಿಗೆ ಭಂಗವಿರಲಿಲ್ಲ.

ಹೀಗಿರುವಾಗ ಜೆಟ್ಟಿಗೆ ಹೊಸ ಸಾಹೇಬರು ಬಂದರು. ಕೂಗಾಟ ನಿಲ್ಲಿಸಿ, ಇನ್ನು ಮುಂದೆ ಇಂಗ್ಲಿಷಿನಲ್ಲಿ "ದ ಲಾಂಚ್ ಈಸ್ ಇನ್ ಸೈಟ್" ಎನ್ನಬೇಕು ಎಂದರು. ಸುಮ್ಮನೆ ಗಿಳಿಪಾಠ ಒಪ್ಪಿಸಿದರೆ ಸಾಲದು, ಅರ್ಥ ತಿಳಿದು ವಾಕ್ಯದಲ್ಲಿ ಬಳಸಿ ತೋರಿಸಬೇಕು, ಪರೀಕ್ಷೆ ಇದೆ. ತಪ್ಪಿದವರಿಗೆ ಮೆಟ್ಟಿಲ ಕೆಳಗಿನ ಸಾಮಾನು ಕೋಣೆ. ಅಲ್ಲಿ ಟ್ರಂಕುಗಳಿವೆ, ಇಲಿಗಳಿವೆ, ಕಿಟಕಿ ಇಲ್ಲ. ಕಿಟಕಿ ಇಲ್ಲ ಎಂದಾಗ ಕಂಡಿತಪ್ಪ ಹೊಳೆಯ ಕಡೆ ತಿರುಗಿ ನೋಡಿದ. ಹೊಳೆ ಕಾಣದಿದ್ದರೆ ಕೊಡೆಯೂ ಕಾಣುವುದಿಲ್ಲ. ಕೊಡೆ ಹೋದರೆ ಅವನ ಸಂಸಾರದಲ್ಲಿ ಉಳಿಯುವುದು ಬಕೆಟ್ಟು ಮಾತ್ರ.

ಕಲಿಸಲು ಒಬ್ಬ ಟೀಚರಮ್ಮ ಬಂದಳು. ಚಿಕ್ಕ ವಯಸ್ಸಿನವಳು, ತಾಳ್ಮೆಯವಳು. ಪಾಪ, ಆ ತಾಳ್ಮೆಗೆ ಅದೇ ಕೊನೆಯ ವಾರ.

"ಇನ್ ಸೈಟ್ ಅಂದ್ರೆ ಕಣ್ಣಿಗೆ ಕಾಣೋವಷ್ಟು ಹತ್ತಿರ ಅಂತ. ಕೈಗೆ ಸಿಗೋದಕ್ಕೆ ಹಾಗನ್ನಲ್ಲ, ಸ್ವಲ್ಪ ದೂರ ಇರ್ಬೇಕು. ಎಲ್ಲಿ, ಹೇಳಿ: ವಿಕ್ಟರಿ ಈಸ್ ಇನ್ ಸೈಟ್."

"ಹಾಗಂದ್ರೆ?"

"ಗೆಲುವು ಕಾಣ್ತಾ ಇದೆ."

ಕಂಡಿತಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದ. "ಎಲ್ಲಿ ಮೇಡಂ?"

"ಇದು ಉದಾಹರಣೆ. ನಿಜವಾಗ್ಲೂ ಕಾಣ್ಬೇಕಾಗಿಲ್ಲ."

"ಕಾಣದೆ ಹೇಗೆ ಹೇಳ್ಲಿ? ಆಮೇಲೆ ಜನ ಮರಳಿನ ದೋಣಿ ಹತ್ತಿದ್ರೆ ಯಾರು ಜವಾಬ್ದಾರಿ?"

ಟೀಚರಮ್ಮ ಹಣೆ ಹಣೆ ಚಚ್ಚಿಕೊಂಡಳು. ಅವನು ಹಿಡಿದ ಪಟ್ಟು ಬಿಡಲಿಲ್ಲ. ಕಾಣುವುದನ್ನಷ್ಟೇ ಹೇಳುತ್ತೇನೆ, ಬೇಕಾದರೆ ಕಾಣುವಂತೆ ಏರ್ಪಾಡು ಮಾಡಿಕೊಳ್ಳುತ್ತೇನೆ ಎಂದ.

ಏರ್ಪಾಡು ಮನೆಮಂದಿಯ ಕುತ್ತಿಗೆಗೆ ಬಂತು. ಭಾವಮೈದ ಸೈಕಲ್ಲು ಹಿಡಿದು ಬೀದಿಯ ಕೊನೆಯಲ್ಲಿ ನಿಲ್ಲಬೇಕು, ಇವನು ಹೊಸ್ತಿಲಿನಿಂದ "ಭಾವಮೈದ ಈಸ್ ಇನ್ ಸೈಟ್" ಎನ್ನಬೇಕು. ಅತ್ತೆ ಎದುರು ಮನೆಯ ತಾರಸಿಗೆ ಹೋಗಿ ಅತ್ತಿಂದಿತ್ತ ನಡೆಯಬೇಕು.

"ಸೈಟು ಅಂದ್ರೇನು ಅಳಿಯಂದ್ರೆ? ಜಾಗ ಏನಾದ್ರೂ ತಗೊಂಡ್ರಾ?" ಎಂದು ಅತ್ತೆ ತಾರಸಿಯಿಂದಲೇ ಕೂಗಿದಳು.

"ಇಲ್ಲ ಅತ್ತೆ, ನೀವು ಕಾಣ್ತಾ ಇದೀರಿ ಅಂತ!"

"ಇಷ್ಟು ವರ್ಷ ಕಾಣ್ದೇ ಇದ್ದೋಳು ಇವತ್ತು ಕಂಡೆನಾ?" ಎಂದು ಅತ್ತೆ ಅಲ್ಲೇ ಕೂತುಬಿಟ್ಟಳು. ಕೂತ ಮೇಲೆ ಗೋಡೆ ಅಡ್ಡ ಬಂತು. ಅವನು ವಾಕ್ಯ ಅರ್ಧಕ್ಕೇ ನಿಲ್ಲಿಸಿದ.

ಹೆಂಡತಿ ಮಾತ್ರ ಇದಕ್ಕೆಲ್ಲ ಸೇರಲಿಲ್ಲ. "ನನಗೆ ಒಗೆಯೋಕೆ ಬೇಕಾದಷ್ಟಿದೆ" ಎಂದಳು. ಪರೀಕ್ಷೆಯ ಹಿಂದಿನ ರಾತ್ರಿ ಅವನು ಹಾಸಿಗೆಯ ಮೇಲೆ ಕೂತು, ಸಾಹೇಬರ ಕೋಣೆಗೂ ಕಿಟಕಿ ಇಲ್ಲವಂತೆ, ಅಲ್ಲಿ ಏನನ್ನು ಕಂಡೆ ಎನ್ನಲಿ ಎಂದು ತನ್ನಷ್ಟಕ್ಕೇ ಅಂದಾಗ, ಅವಳು ಗೋಡೆ ಕಡೆ ಮುಖ ಮಾಡಿ ಮಲಗಿಯೇ ಇದ್ದಳು.

ಸಾಹೇಬರ ಕೋಣೆಯಲ್ಲಿ ಮೇಜು, ಎರಡು ಕುರ್ಚಿ, ಒಂದು ಬೀರು. ಸೆಕೆಗೆ ಬಾಗಿಲು ತೆರೆದಿತ್ತು. ಟೀಚರಮ್ಮ ಮೂಲೆಯಲ್ಲಿ ಬೆರಳು ಹೆಣೆದುಕೊಂಡು ಕೂತಿದ್ದಳು.

"ಒಂದು ವಾಕ್ಯ ಹೇಳಪ್ಪ," ಎಂದರು ಸಾಹೇಬರು.

ಕಂಡಿತಪ್ಪ ಬೀರು ನೋಡಿದ. ತೀರಾ ಹತ್ತಿರ. ಸಾಹೇಬರನ್ನು ನೋಡಿದ. ಇನ್ನೂ ಹತ್ತಿರ. "ಸ್ವಲ್ಪ ಹಿಂದಕ್ಕೆ ಹೋಗ್ತೀರಾ ಸಾರ್?" ಎಂದು ಕೇಳಿದ. ಸಾಹೇಬರ ಕುರ್ಚಿಯ ಹಿಂದೆ ಗೋಡೆ ಇತ್ತು. ಟ್ರಂಕುಗಳು, ಇಲಿಗಳು ಕಣ್ಣ ಮುಂದೆ ಬಂದವು, ಆದರೆ ಅವೂ ನಿಜವಾಗಿ ಬಂದವಲ್ಲವಾದ್ದರಿಂದ ಹೇಳುವ ಹಾಗಿರಲಿಲ್ಲ.

ಆಗ ತೆರೆದ ಬಾಗಿಲಿನಾಚೆ, ಕಚೇರಿಯ ಉದ್ದನೆಯ ಓಣಿಯ ಆ ತುದಿಯಲ್ಲಿ ಕೆಂಪಗೆ ಏನೋ ಅರಳಿತು. ಸೂರಿನ ಕೆಳಗೆ, ಮಳೆಯೂ ಇಲ್ಲ ಬಿಸಿಲೂ ಇಲ್ಲ, ಹೆಂಡತಿ ಕೊಡೆ ಬಿಚ್ಚಿ ನಿಂತಿದ್ದಳು. ಅರ್ಧ ದಿನದ ರಜೆ ಹಾಕಿ ಬಂದಿದ್ದಳು.

"ದೂರ ಸಾಕೇನ್ರೀ?" ಎಂದು ಕೂಗಿದಳು.

"ಮೈ ವೈಫ್ ಈಸ್ ಇನ್ ಸೈಟ್!" ಕಂಡಿತಪ್ಪನ ಧ್ವನಿಗೆ ಬೀರು ಅದುರಿತು.

"ಸರಿ. ಈಗ ಕಾಣದೇ ಇರೋದಕ್ಕೆ ಒಂದು," ಎಂದರು ಸಾಹೇಬರು.

ಅವನು ಕೈ ಬೀಸಿದ. "ಲೇ, ಆ ಕಡೆ ಹೋಗೇ!"

"ಈಗ ತಾನೇ ಬಂದೆ!"

"ಹೋಗೇ ಅಂದ್ರೆ! ಕಾಣಬಾರದು!"

"ಕಾಣಬಾರದಂತೆ! ರಜೆ ಹಾಕಿ ಬಂದೋಳಿಗೆ ಈ ಮರ್ಯಾದೆ!" ಎನ್ನುತ್ತಾ ಅವಳು ಓಣಿಯ ತಿರುವಿನಲ್ಲಿದ್ದ ಬಾಗಿಲಿನ ಹಿಂದೆ ಸರಿದಳು. ಕೊಡೆಯ ತುದಿ ಇನ್ನೂ ಇಣುಕುತ್ತಿತ್ತು. ಅದು ಇರುವವರೆಗೆ ಅವನು ಬಾಯಿ ಬಿಡಲೊಲ್ಲ. "ಕೊಡೆ! ಕೊಡೆ!" ಎಂದ. ಅವಳು ಸಿಟ್ಟಿನಿಂದ ಎಳೆದುಕೊಂಡ ರಭಸಕ್ಕೆ ಕೊಡೆ ಬಾಗಿಲಿಗೆ ಸಿಕ್ಕಿ ಲಟಕ್ಕೆಂದು ಕಡ್ಡಿ ಮುರಿಯಿತು. ಅವನು ಎರಡನೆಯ ವಾಕ್ಯ ಹೇಳಿ ಮುಗಿಸಿದ.

"ಕೊನೆಯದು. ನಾಳೆಯ ಬಗ್ಗೆ ಒಂದು."

ಕಂಡಿತಪ್ಪ ತಲೆ ಅಲ್ಲಾಡಿಸಿದ. "ನಾಳೇದು ನಾನು ಹೇಳಲ್ಲ ಸಾರ್," ಎಂದ.

"ನಾಳೆ ನನ್ನ ಹೆಂಡತಿ ಕಾಣ್ತಾಳೆ ಅನ್ನೋಕೇನಯ್ಯಾ ಕಷ್ಟ?"

"ಹೊಳೆ ಸಾರ್ ಅದು. ಇವತ್ತು ಕಂಡಿದ್ದು ನಾಳೆ ಕಾಣುತ್ತೆ ಅಂತ ಯಾರು ಹೇಳ್ಬಹುದು? ದಿನಾ ಆ ತಿರುವಿನಲ್ಲಿ ಕೊಡೆ ಏಳೋವರೆಗೂ ನನ್ನ ಜೀವ ಜೀವದಲ್ಲಿರಲ್ಲ. ಅದನ್ನ ಮೊದಲೇ ಹೇಳಿಬಿಟ್ಟು, ಆಮೇಲೆ..." ಸಾಹೇಬರು ಪೆನ್ನಿನ ಕ್ಯಾಪು ಹಾಕಿದರು. ಟೀಚರಮ್ಮ ತಲೆ ತಗ್ಗಿಸಿದಳು.

ಬಾಗಿಲಿನ ಹಿಂದೆ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಇಷ್ಟು ವರ್ಷದಲ್ಲಿ ಅವನು ಇದನ್ನು ಅವಳಿಗೆ ಹೇಳಿರಲಿಲ್ಲ. ಹೇಳಬೇಕಾದ ಹೊತ್ತಿಗೆ ಯಾವಾಗಲೂ ಬಕೆಟ್ಟು ಅಡ್ಡ ಬರುತ್ತಿತ್ತು.

"ಹೇಳ್ರೀ," ಎಂದಿತು ಧ್ವನಿ. "ನಾಳೆ ನಾನು ಬರ್ತೀನಿ."

"ನೀನು ಕಾಣ್ತಾ ಇಲ್ಲ ಕಣೇ."

"ಕಾಣದಿದ್ರೂ ಬರ್ತೀನಿ ಅಂತಿದೀನಲ್ಲ. ಹೇಳಿ."

ಕಂಡಿತಪ್ಪ ಖಾಲಿ ಓಣಿಯನ್ನು ನೋಡುತ್ತಾ, ಹೆಜ್ಜೆಗೊಂದು ಸಲ ಎಡವುವವನ ಹಾಗೆ ಹೇಳಿದ: "ಟುಮಾರೋ... ಮೈ ವೈಫ್... ವಿಲ್ ಬಿ ಇನ್ ಸೈಟ್." ಸಾಹೇಬರು ಪಾಸು ಎಂದರು. ಅವನು ಕುರ್ಚಿಯಲ್ಲಿ ಕುಸಿದು ಕೂತ. ಆ ದಿನ ಮರಳಿನ ದೋಣಿಯಲ್ಲಿ ಜನ ಹೋದಾಗಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ.

ಮರುದಿನ ಸಂಜೆ ಲಾಂಚು ತಿರುವಿನಲ್ಲಿ ಮೂಡಿತು. ಮುಂಭಾಗದಲ್ಲಿ ಕೆಂಪು ಇಲ್ಲ. ಅವನು ಕಣ್ಣುಜ್ಜಿಕೊಂಡ. ಕೆಂಪು ಇಲ್ಲ. ಹೇಳಬಾರದಿತ್ತು, ಹೇಳಬಾರದಿತ್ತು ಎಂದು ಮೈಕಿನ ಕಂಬ ಹಿಡಿದುಕೊಂಡ. ಕೆಳಗೆ ಜನ ಲಾಂಚನ್ನು ತಾವೇ ನೋಡುತ್ತಾ, ಮೇಲಿನವನು ಬಾಯಿ ಬಿಡದೆ ಗೇಟು ತೆರೆಯದೆಂದು ಬೈಯುತ್ತಿದ್ದರು.

ಆಗ ಲಾಂಚಿನ ಮುಂದೆ ಬೆಳ್ಳಗೆ ದೊಡ್ಡದೊಂದು ಬಿಚ್ಚಿಕೊಂಡಿತು. ಆಸ್ಪತ್ರೆಯ ಹಾಸಿಗೆಯ ಬಟ್ಟೆ, ಇಸ್ತ್ರಿಯ ಮಡಿಕೆ ಸಮೇತ. ಅದು ಗಾಳಿಗೆ ಹಾರಿ ಲಾಂಚು ನಡೆಸುವವನ ಮುಖಕ್ಕೆ ಸುತ್ತಿಕೊಂಡು, ಲಾಂಚು ಒಂದು ಸುತ್ತು ಹೊಡೆದು, ಮತ್ತೆ ಸರಿಯಾಯಿತು. ಬಟ್ಟೆಯ ಎರಡು ತುದಿ ಹಿಡಿದು ಅವಳು ನಿಂತಿದ್ದಳು. ಕೊಡೆ ಮುರಿದಿತ್ತಲ್ಲ, ಕಂಡಿತಪ್ಪನಿಗೆ ಅದು ಮರೆತೇ ಹೋಗಿತ್ತು.

ಕಲಿತ ಇಂಗ್ಲಿಷು ಒಂದಕ್ಷರವೂ ನೆನಪಿಗೆ ಬರಲಿಲ್ಲ. ಮೈಕು ಬಾಯಿಗೆ ಒತ್ತಿಕೊಂಡು ಅವನು ಎರಡೂ ದಡಕ್ಕೆ ಕೇಳುವ ಹಾಗೆ ಕೂಗಿದ:

"ಕಂಡಳಪ್ಪಾ, ಕಂಡಳು!"

ಗೇಟಿನವನು ಒಂದು ಗಳಿಗೆ ಮೇಲೆ ನೋಡಿ, ಏನೋ ಒಂದು ಕಂಡಿದೆಯಲ್ಲ ಎಂದು ಗೇಟು ತೆಗೆದ.