ತಾಳಿ ಬೈಬಲ್ಲಿನಲ್ಲಿ ಎಲ್ಲಿದೆ?

2023ರ ಮೇ ತಿಂಗಳು. ತೆಲಂಗಾಣದ ಗಡಿಯ ಮಕ್ತಲ್‌ನ ಹಳೆಯ ಚರ್ಚೊಂದರಲ್ಲಿ ನಾನು ಪಾಸ್ಟರ್ ಆಗಿದ್ದೆ, ಜನರ ಬಾಯಲ್ಲಿ ಅಯ್ಯಗಾರ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮದುವೆ ನಡೆಸುವ ಲೈಸೆನ್ಸ್ ನನಗಿತ್ತು. ಕ್ರೈಸ್ತ ವಿವಾಹ ಕಾಯ್ದೆಯಂತೆ ಸಂಜೆ ಏಳರೊಳಗೆ ಮದುವೆ ಮುಗಿಯಬೇಕು, ಇಬ್ಬರು ಸಾಕ್ಷಿಗಳಿರಬೇಕು. ವಿಧಿ ಹೇಗಿರಬೇಕೆಂಬುದನ್ನು ಕಾನೂನು ಪಾಸ್ಟರ್‌ಗೇ ಬಿಟ್ಟಿದೆ.

ಮದುಮಗಳು ಸುಗುಣಾ ಗದ್ವಾಲದ ಆಸ್ಪತ್ರೆಯೊಂದರಲ್ಲಿ ನರ್ಸ್. ತಾಯಿಯಿಲ್ಲದ ಅವಳನ್ನು ಬೆಳೆಸಿದವರು ಅಜ್ಜಿ ಶಾಂತಮ್ಮ. ವರ ಪ್ರಭುದಾಸ ಗದ್ವಾಲದ ಹೊಸ ಕ್ರೈಸ್ತ ಸಭೆಯೊಂದಕ್ಕೆ ಸೇರಿದವನು. ಅವನ ತಂದೆ ಸಾಲೊಮನ್ ಅಲ್ಲಿನ ಹಿರಿಯರು. ಬೈಬಲ್ಲಿನಲ್ಲಿ ಇಲ್ಲದ್ದನ್ನು ಅವರು ಒಪ್ಪುವುದಿಲ್ಲ. ನಮ್ಮಲ್ಲೋ ಶಿಲುಬೆಯ ಗುರುತಿನ ತಾಳಿಗೆ ಪ್ರಾರ್ಥನೆ ಮಾಡಿ ಕಟ್ಟಿಸುವುದು ಮೂರು ತಲೆಮಾರಿನ ಪದ್ಧತಿ. ಎರಡೂ ಮನೆಯವರನ್ನು ಕೂರಿಸಿ ನಾನು ಮೊದಲೇ ಮಾತಾಡಬೇಕಿತ್ತು. ಹೇಗೋ ಆಗುತ್ತದೆಂದು ಬಿಟ್ಟೆ.

ಐದು ಗಂಟೆಗೆ ಮದುವೆ. ತಟ್ಟೆಯಲ್ಲಿ ತಾಳಿ ಕಂಡದ್ದೇ ಸಾಲೊಮನ್ ನನ್ನನ್ನು ಪಕ್ಕದ ಕೋಣೆಗೆ ಕರೆದರು.

"ತಾಳಿ ಬೈಬಲ್ಲಿನಾಗ ಎಲ್ಲೈತಿ ತೋರಸ್ರಿ ಅಯ್ಯಗಾರ. ತೋರಿಸಿದ್ರ ನನ್ನ ಮಗ ಈಗೇ ಕಟ್ತಾನ."

ಎಲ್ಲಿಯೂ ಇಲ್ಲವೆಂದು ಗೊತ್ತಿದ್ದೂ ನಾನು ಪುಟ ತಿರುವುತ್ತಾ ನಿಂತೆ. ಅಷ್ಟರಲ್ಲಿ ಶಾಂತಮ್ಮ ಒಳಗೆ ಬಂದರು. ತಮ್ಮ ಕೊರಳಿನ ತಾಳಿಯನ್ನು ಹಿಡಿದು ತೋರಿಸಿದರು.

"ನಿಮಗಿಂತ ಮುಂಚೆ ಇದ್ದ ಅಯ್ಯಗಾರು ಪ್ರಾರ್ಥನಿ ಮಾಡಿ ಕಟ್ಟಿಸಿದ್ದರಿ ಇದು. ಅವರು ಪಾಪ ಮಾಡಿದ್ರೇನ್ರಿ?"

ಬಾಗಿಲಲ್ಲಿ ಚರ್ಚ್ ಕಮಿಟಿಯವರು ಅಡ್ಡ ನಿಂತರು. ತಾಳಿ ಇಲ್ಲದಿದ್ದರೆ ಮದುವೆಯ ರಿಜಿಸ್ಟರ್ ತೆರೆಯಬೇಡಿ ಎಂದರು. ಕೋಣೆಗೆ ಇದ್ದದ್ದು ಅದೊಂದೇ ಬಾಗಿಲು. ತಾಳಿ ಬೈಬಲ್ಲಿನಲ್ಲಿ ಇದೆ ಎಂದರೆ ಗ್ರಂಥದ ಮೇಲೆ ಕೈಯಿಟ್ಟು ಸುಳ್ಳು ಹೇಳಿದಂತೆ. ಬೇಡ ಎಂದರೆ ಆ ಮುದುಕಿಯ ಇಡೀ ಸಂಸಾರವೇ ತಪ್ಪು ಎಂದಂತೆ. ನಿರ್ಧಾರ ನನ್ನದೇ ಆಗಿದ್ದರಿಂದ ಕಾನೂನಿನ ಹಿಂದೆಯೂ ಅಡಗುವಂತಿರಲಿಲ್ಲ. ವಾದ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಗಂಟೆ ಆರೂ ಇಪ್ಪತ್ತಾಯಿತು.

ಆಗ ಸುಗುಣಾ ಕಮಿಟಿಯವರನ್ನು ಸರಿಸಿಕೊಂಡು ತಾನೇ ಒಳಗೆ ಬಂದಳು.

"ಅಯ್ಯಗಾರ, ಮದುವಿಗೆ ಉಂಗುರ ಹಾಕಬೇಕಂತ ಬೈಬಲ್ಲಿನಾಗ ಐತೇನ್ರಿ?"

ಇಲ್ಲ ಎಂದೆ. ಉಂಗುರ ತಂದವರು ಸಾಲೊಮನ್ ಅವರೇ. ಹಾಗಾದರೆ ಮದುವೆ ಆಗಲು ಏನು ಬೇಕೆಂದು ಕೇಳಿದಳು. ಸಾಕ್ಷಿಗಳ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡು ಮಾತು ಕೊಡಬೇಕು ಎಂದೆ.

ಅವಳು ಬಾಗಿಲ ಬಳಿ ನಿಂತಿದ್ದ ಪ್ರಭುದಾಸನ ಕಡೆ ತಿರುಗಿದಳು. "ನನಗ ಮಾತು ಸಾಕು. ತಾಳೀನೂ ಬ್ಯಾಡ, ಉಂಗುರಾನೂ ಬ್ಯಾಡ. ನಿಮಗ ಸಾಕಾಗಲ್ಲಂದ್ರ ಈಗೇ ಹೇಳ್ರಿ."

ಅವನು ತಂದೆಯ ಮುಖ ನೋಡಿದ. ಆಮೇಲೆ ಉಂಗುರದ ಡಬ್ಬಿಯನ್ನು ಅವರ ಕೈಗಿಟ್ಟು "ಸಾಕು" ಎಂದ.

ತಾಳಿ, ಉಂಗುರ ಎರಡೂ ಇಲ್ಲದೆ ಇಬ್ಬರೂ ಸಾಕ್ಷಿಗಳ ಮುಂದೆ ಮಾತು ಕೊಟ್ಟರು; ಆರೂ ಐವತ್ತೆರಡಕ್ಕೆ ರಿಜಿಸ್ಟರ್‌ಗೆ ಸಹಿ ಬಿತ್ತು. ಕಮಿಟಿ ನನ್ನ ಮೇಲೆ ದೂರು ಬರೆಯಿತು. ಶಾಂತಮ್ಮ ಅಂದು ಊಟಕ್ಕೆ ಕೂರಲಿಲ್ಲ. ನಾನು ನಿವೃತ್ತನಾಗುವವರೆಗೆ ಅವರು ಪ್ರತಿ ಭಾನುವಾರ ಚರ್ಚಿಗೆ ಬಂದರೂ, ಆರಾಧನೆಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಆ ನೋವು ಈಗಲೂ ಇದೆ.

ಕಿರಿಯ ಪಾಸ್ಟರ್‌ಗಳು ಸಲಹೆ ಕೇಳಿದಾಗ ಈ ಮದುವೆಯನ್ನೇ ಹೇಳುತ್ತೇನೆ. ಗ್ರಂಥ ಏನನ್ನುತ್ತದೆ, ಹಿರಿಯರು ಏನನ್ನುತ್ತಾರೆ ಎಂದು ಅಂದು ಎಲ್ಲರ ಮಾತನ್ನೂ ಕೇಳಿದೆ. ಯಾರ ಕೊರಳಿನ ಮಾತು ಅದಾಗಿತ್ತೋ ಆ ಹುಡುಗಿ ಒಂದು ಗಂಟೆಗೂ ಹೆಚ್ಚು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನು ಒಳಗೆ ಕರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.